ಬಲೆಯ ಕಣ್ಣು

ಹೊರಡುವ ದಿನ ಬಟ್ಟೆ ಒಗೆಯಬಾರದು
ಅನ್ನುತ್ತಿತ್ತು ಹಲ್ ಬಂದರಿನ ನಮ್ಮ ಕೇರಿ.
ಒಗೆದರೆ, ಹೋದವನೂ ಕೊಚ್ಚಿಹೋಗುತ್ತಾನೆ.
ಕೈ ಬೀಸಬಾರದು; ಬೀಸಿದರೆ ಅಲೆ ಕರೆಯುತ್ತದೆ.
ಅದೆಲ್ಲ ಕಡಲಿಗೆ ಹೋಗುವವರ ಮಾತು.
ನನ್ನಣ್ಣ ಸೆಲ್ವಿನ್ ಹೋಗುತ್ತಿದ್ದುದು ಆಕಾಶಕ್ಕೆ
ಅಂತ, ಅವನ ಬಿಳಿ ಮಫ್ಲರನ್ನು
ಬೆಳಿಗ್ಗೆಯೇ ಸೋಪು ಹಾಕಿ ತಿಕ್ಕಿ ಹರವಿದೆ.
ನನಗಾಗ ಹನ್ನೆರಡು.

ನೀರೊಂದು ಬೇಡ, ಅಂದಿದ್ದಳು ಅಮ್ಮ.
ಅಪ್ಪನ ಟ್ರಾಲರು ಉತ್ತರದಲ್ಲೆಲ್ಲೋ
ಹಿಮದ ಭಾರಕ್ಕೆ ಮಗುಚಿದ ಮೇಲೆ
ಅವಳು ಹೇಳಿದ್ದು ಅಷ್ಟೇ.
ಹಿತ್ತಲ ಗೋಡೆಗೆ ಮೊಳೆ ಹೊಡೆದು
ಬಲೆ ಹೆಣೆಯಲು ನಿಂತಳು.
ಸುತ್ತು, ಎಳೆ, ಗಂಟು. ಸುತ್ತು, ಎಳೆ, ಗಂಟು.
ನೂರು ಕಣ್ಣಿಗೆ ಇಷ್ಟು ಪೆನ್ಸು ಅಂತ ಲೆಕ್ಕ.
ಮರದ ಸೂಜಿಗೆ ಹುರಿ ತುಂಬಿಕೊಡುವುದು ಅವನ ಕೆಲಸ;
ಹತ್ತೊಂಬತ್ತು ತುಂಬಿದರೂ ಬೆರಳಲ್ಲಿ ಟಾರಿನ ವಾಸನೆ.

ವಿಮಾನದ ಬಾಲದಲ್ಲೊಂದು ಗಾಜಿನ ಗೂಡು.
ಅಲ್ಲಿ ಕೂರಿಸಿದರು, ಹಿಂದಕ್ಕೆ ಮುಖ ಮಾಡಿಸಿ,
ನಾಲ್ಕು ಬಂದೂಕಿನ ನಡುವೆ, ಮೊಣಕಾಲು ಮಡಚಿಸಿ.
ಉಳಿದ ಆರು ಮಂದಿ ಹೋಗುವ ದಾರಿ ನೋಡುವವರು;
ಇವನಿಗೆ ಕಾಣುವುದು ದಾಟಿ ಬಂದದ್ದು ಮಾತ್ರ.
"ನಾನು ಎಲ್ಲಿಗೂ ತಲುಪುವುದೇ ಇಲ್ಲ ಕಣೇ ಎನಿಡ್,
ಬರೀ ಬಿಟ್ಟು ಬರ್ತೀನಿ" ಅಂದ ರಜೆಯಲ್ಲಿ.
ಉಸಿರು ಮುಖವಾಡದಲ್ಲೇ ಹೆಪ್ಪುಗಟ್ಟಿ
ಗದ್ದದಿಂದ ಕೋಲಾಗಿ ಇಳಿಯುತ್ತದಂತೆ,
ಮುರಿದು ಬಿಸಾಡುತ್ತಾನಂತೆ.
ಅದನ್ನು ಮಾಡಿ ತೋರಿಸಿ ನಗಿಸಿದ.

ಬೆಂಕಿಯ ಬಗ್ಗೆ ಕೇಳಿದವಳು ನಾನೇ.
ನಮ್ಮೂರೂ ಉರಿದಿತ್ತು, ಎರಡು ವರ್ಷದ ಹಿಂದೆ,
ಎರಡು ರಾತ್ರಿ. ಎದುರು ಸಾಲಿನಲ್ಲಿ
ಮೆಟ್ಟಿಲುಗಳಿದ್ದವು, ಬಾಗಿಲುಗಳಿರಲಿಲ್ಲ.
"ಅವರಿಗೂ ಹಾಗೇ ಆಗ್ಲಿ, ಅಲ್ವಾ?"
ಅವನು ಸೂಜಿಗೆ ಹುರಿ ಸುತ್ತುತ್ತಿದ್ದ.
ತುಂಬಿದ ಮೇಲೂ ಸುತ್ತಿದ.
"ತುಂಬಾ ಹೊತ್ತು ಕಾಣುತ್ತೆ" ಅಂದ.
"ಹಿಂದೆ ನೋಡುತ್ತ ಕೂತವನಿಗೆ
ನೂರು ಮೈಲಿ ಬಂದರೂ ಕಾಣುತ್ತೆ."
ಹೊರಡುವಾಗ ಆ ಸೂಜಿಯನ್ನು ಜೇಬಿಗಿಳಿಸಿಕೊಂಡ.
ಅಮ್ಮ ನೋಡಿದಳು, ಕೇಳಲಿಲ್ಲ.
ಮಫ್ಲರು ಇನ್ನೂ ಒದ್ದೆಯಿತ್ತು. ಹಾಗೇ ಸುತ್ತಿಕೊಂಡ.

ಜೂನಿನಲ್ಲಿ ತಂತಿ. ಕಾಣೆಯಾಗಿದ್ದಾನೆ.
ಸತ್ತ ಅಂತಲ್ಲ, ಇದ್ದಾನೆ ಅಂತಲೂ ಅಲ್ಲ.
ಅಮ್ಮ ಅದನ್ನು ಗಡಿಯಾರದ ಹಿಂದೆ ಸಿಕ್ಕಿಸಿದಳು.
ಒಗೆದ ಮಫ್ಲರಿನ ಮಾತು ಎತ್ತಲಿಲ್ಲ,
ಬದುಕಿರುವವರೆಗೂ ಎತ್ತಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಯುದ್ಧ ಮುಗಿದ ಮರುವರ್ಷ ಹಾಲೆಂಡಿನಿಂದ,
ಉರ್ಕ್ ಊರಿನ ಲುಬ್ಬರ್ಟ್ ರೋಮ್ಕೆಸ್ ಎಂಬವನ ಕಾಗದ.
ಪಾದ್ರಿಯೊಬ್ಬ ಇಂಗ್ಲಿಷಿಗೆ ತಂದದ್ದು:

"ಹಾವುಮೀನಿಗೆ ಬಲೆ ಬಿಟ್ಟಿದ್ದೆವು. ಭಾರವಾಯಿತು.
ಎತ್ತುವಾಗ ಹರಿಯಿತು; ನಾವು ಬಿಡಲಿಲ್ಲ.
ಕೊರಳ ಬಿಲ್ಲೆಯಲ್ಲಿ ಹೆಸರಿತ್ತು.
ಜೇಬಿನಲ್ಲಿ ಸೂಜಿ. ನಮ್ಮಲ್ಲೂ ಇದೇ ಸೂಜಿ, ತಾಯಿ.
ಎಂಥ ಮನೆಯ ಹುಡುಗನೆಂದು ಅದರಿಂದ ಗೊತ್ತಾಯಿತು.
ಚರ್ಚಿನ ಬದಿಗೆ ಮಣ್ಣು ಮಾಡಿದೆವು.
ಆಗ ಹುರಿ ಎಲ್ಲೂ ಸಿಗುತ್ತಿರಲಿಲ್ಲ.
ಸೂಜಿಯಲ್ಲಿದ್ದ ಅವನ ಹುರಿಯಿಂದಲೇ
ಹರಿದದ್ದನ್ನು ಮುಚ್ಚಿಕೊಂಡೆ. ಕ್ಷಮಿಸಬೇಕು.
ಉಳಿದದ್ದನ್ನು ಕಳಿಸಿದ್ದೇನೆ."

ಅಮ್ಮ ಸೂಜಿಯನ್ನು ತಿರುಗಿಸಿ ನೋಡಿದಳು.
ಮೊಳದುದ್ದ ಹುರಿ, ಅವನು ಸುತ್ತಿದ್ದೇ.
ಉತ್ತರದಲ್ಲಿ ನನ್ನಿಂದ ಬರೆಸಿದ್ದು ಒಂದೇ ಸಾಲು:
ಎಷ್ಟು ಕಣ್ಣು ಹರಿದಿತ್ತು?
ತಿಂಗಳಾದ ಮೇಲೆ ಬಂತು: ಹನ್ನೊಂದು.
ತುಟಿ ಅಲ್ಲಾಡಿಸಿ ಲೆಕ್ಕ ಹಾಕಿದಳು.
"ಸಾಕಾಗಿದೆ" ಅಂದಳು.

ಬುಧವಾರಕ್ಕೆ ಕೊಡಬೇಕಾದ ಬಲೆ ಗೋಡೆಯಲ್ಲಿ ತೂಗುತ್ತಿತ್ತು.
ಆ ಮೊಳದುದ್ದವನ್ನೂ ಅದಕ್ಕೇ ಹೆಣೆದಳು,
ಸುತ್ತು, ಎಳೆ, ಗಂಟು.
ಬಲೆ ಐಸ್‌ಲ್ಯಾಂಡಿನ ಕಡೆ ಹೋಯಿತು.
ಕಾಡ್ ಮೀನು ತಂದಿತು.
ಎಲ್ಲರ ಹಾಗೆ ನಾವೂ ಕೊಂಡು ತಿಂದೆವು.